ವೇಣಿಯ ಹಳೇ ನಂಬರ್

ಇನ್ನೂ ಮಬ್ಬುಗತ್ತಲು. ಪೀಣ್ಯದ ಕಡೆ ಹೊರಟ ಕಾರ್ಖಾನೆ ಬಸ್ಸುಗಳು ಮಾಕಳಿಯಲ್ಲಿ ನಿಲ್ಲುವ ಹೊತ್ತಿಗೆ ವೇಣಿ ತನ್ನ ಜೆರಾಕ್ಸ್ ಅಂಗಡಿಯ ಷಟರ್ ಎತ್ತಿ, ಕಂಪ್ಯೂಟರಿಗೆ ಊದುಬತ್ತಿ ಬೆಳಗುತ್ತಾಳೆ. ಬಾಗಿಲಲ್ಲಿ ಆಗಲೇ ಸೌಮ್ಯ ನಿಂತಿದ್ದಾಳೆ.

"ಬಂತಾ ಅಕ್ಕಾ?"

"ಬಂದಿರ್ತದೆ ಕಣವ್ವ. ತೆಗೆಯೋಕೇ ಆಯ್ತಿಲ್ಲ."

ಸೌಮ್ಯ ದುಡಿಯುತ್ತಿದ್ದ ಬಲ್ಬಿನ ಘಟಕಕ್ಕೆ ಬೀಗ ಬಿದ್ದಿದೆ. ಬೊಮ್ಮನಹಳ್ಳಿಯ ಹೊಸ ಕಾರ್ಖಾನೆಯವರು ಸಂದರ್ಶನದ ದಿನವನ್ನು ಇಮೇಲ್‌ನಲ್ಲೇ ತಿಳಿಸುತ್ತಾರಂತೆ. ಆ ದಿನ ತಪ್ಪಿದರೆ ಕೆಲಸವೂ ತಪ್ಪಿದಂತೆ. ಗೇಟಿಗೆ ಹೋಗಿ ಕೇಳಿದರೆ ಸೆಕ್ಯುರಿಟಿಯವನು "ಮೇಲ್ ನೋಡಮ್ಮ" ಎಂದು ಅಟ್ಟಿದ್ದಾನೆ. ಬೇರೆ ವಿಳಾಸದಿಂದ ಬರೆದರೂ ಉತ್ತರವಿಲ್ಲ.

ಈ ಸುತ್ತಿನ ಇನ್ನೂರಕ್ಕೂ ಹೆಚ್ಚು ಹೆಂಗಸರಿಗೆ ಇಮೇಲ್ ಮಾಡಿಕೊಟ್ಟವಳು ವೇಣಿ. ಗಂಡ ಕಿತ್ತುಕೊಳ್ಳುವ ಫೋನು, ಪದೇ ಪದೇ ಬದಲಾಗುವ ಸಿಮ್ಮು, ಇವನ್ನು ನಂಬುವುದು ಹೇಗೆ? ಎಲ್ಲರ ಖಾತೆಗೂ ತನ್ನ ನಂಬರನ್ನೇ ಹಾಕಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಾಮಾಲೆ ಹಿಡಿದು ತಿಂಗಳುಗಟ್ಟಲೆ ಮಲಗಿದಾಗ ರೀಚಾರ್ಜ್ ತಪ್ಪಿತು, ನಂಬರ್ ಬೇರೆ ಯಾರಿಗೋ ಹೋಯಿತು. ಹಳೇ ಕಂಪ್ಯೂಟರ್ ಸುಟ್ಟು ಹೊಸದು ತಂದಾಗಲೇ ಈ ಅನಾಹುತ ಗೊತ್ತಾದದ್ದು.

"ಮೇಲ್ ಅನ್ನೋದು ನೆಟ್ಟಗೆ ನಮ್ ಕೈಗೆ ಬರಲ್ಲ ಸಾರ್," ಎಂದು ಸುದ್ದಿಗಾಗಿ ಬಂದ ನನಗೆ ವಿವರಿಸುತ್ತಾಳೆ ವೇಣಿ. "ಅವ್ರ ಸರ್ವರಿಂದ ಒಂಟು, ವಿಳಾಸದ ಕೊನೇಲಿರೋ ಎಸ್ರು ನೋಡ್ಕಂಡು ನಮ್ ಸರ್ವರಿಗೆ ಬಂದು ಕೂತ್ಕತದೆ. ವಿಳಾಸ ತಪ್ಪಿದ್ರೆ ವಾಪಸ್ ಓಯ್ತದೆ. ಇವ್ಳುದು ಸರಿಯಾಗೈತೆ, ಅದ್ಕೇ ಅಲ್ಲೇ ಕೂತಿರ್ತದೆ. ಪಾಸ್‌ವರ್ಡೂ ನಮ್ತಾವ ಐತೆ. ಆದ್ರೆ ಕಂಪ್ಯೂಟರ್ ಒಸದು ಅಂತ ಓಟಿಪಿ ಕೇಳ್ತದೆ. ಅದು ಯಾರ್ದೋ ಫೋನಿಗೆ ಓಯ್ತದೆ."

ಆ 'ಯಾರೋ' ದಾವಣಗೆರೆಯ ಕರಿಬಸಪ್ಪ ಎಂಬವರು. ವೇಣಿ ಈ ಬೆಳಗ್ಗೆಯೂ ತನ್ನದೇ ಹಳೇ ನಂಬರಿಗೆ ಫೋನ್ ಮಾಡುತ್ತಾಳೆ.

"ಅಣ್ಣಾ, ಈಗೊಂದು ಓಟಿಪಿ ಬಂದೈತೆ, ದಮ್ಮಯ್ಯ, ಅದೊಂದು ಏಳ್ಬಿಡಿ..."

"ದಿನಾ ಇದೇ ರಾಗ ಏನ್ರೀ ನಿಮ್ದು! ಬಡವ್ರ ದುಡ್ಡು ಹೊಡಿಯಾಕೆ ನಾಚಿಕಿ ಆಗಲ್ವ? ಪೊಲೀಸ್ರಿಗೆ ಹೇಳ್ತೀನಿ."

ಫೋನ್ ಕಟ್ಟಾಗುತ್ತದೆ. ಸೌಮ್ಯ ದುಪಟ್ಟಾದಿಂದ ಕಣ್ಣೊರೆಸಿಕೊಂಡು ಇಳಿದು ಹೋಗುತ್ತಾಳೆ. ಸಂದರ್ಶನ ನಾಳೆಯೋ, ನಿನ್ನೆಯೇ ಆಗಿಹೋಯಿತೋ, ಹೇಳುವವರಿಲ್ಲ. ನೋಡಿದವರಿಗೆ ಕರಿಬಸಪ್ಪನ ಮೇಲೆ ಸಿಟ್ಟು ಬರುತ್ತದೆ. ವೇಣಿಗೆ ಬರುವುದಿಲ್ಲ.

"ಅವ್ರನ್ನ ಬೈಬ್ಯಾಡಿ ಸಾರ್. ಯಾರು ಅತ್ತು ಕರೆದು ಕೇಳಿದ್ರೂ ಓಟಿಪಿ ಕೊಡಬ್ಯಾಡಿ ಅಂತ ಇಲ್ಲಿ ಬಂದೋರ್ಗೆಲ್ಲ ಏಳ್ಕೊಟ್ಟೋಳು ನಾನೇ. ಅವ್ರಿಗೂ ನನ್ನಂತೋಳು ಯಾರೋ ಚೆನ್ನಾಗಿ ಏಳ್ಕೊಟ್ಟವ್ಳೆ."