ಅದೇ ಕೆಲಸ ಕೇಳಿದ್ದವರು ನನ್ನ ಪರ ಮಾತಾಡಿದರು

"ನಿಮ್ಮ ಬಗ್ಗೆ ವಿಚಾರಿಸೋಕೆ ಲಾರ್ಸ್ ಹೆಸರು ಕೊಟ್ಟಿದ್ದೀರಲ್ಲ, ಅವರೂ ಇದೇ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಗೊತ್ತಿತ್ತಾ?"

ಸ್ವೀಡನ್ನಿನ ಯೋನ್‌ಶೋಪಿಂಗ್ ಊರಿನ ಕಚೇರಿಯೊಂದರಲ್ಲಿ ನನ್ನ ಸಂದರ್ಶನ ಮಾಡುತ್ತಿದ್ದ ಮ್ಯಾನೇಜರಮ್ಮ ಹೀಗೆ ಕೇಳಿದರು. ಲಾರ್ಸ್ ನನ್ನ ಹಿಂದಿನ ಬಾಸ್. ೨೦೦೯ರ ಆರ್ಥಿಕ ಹಿಂಜರಿತದಲ್ಲಿ ನಮ್ಮ ವಿಭಾಗವೇ ಮುಚ್ಚಿ, ಇಬ್ಬರೂ ಒಟ್ಟಿಗೆ ಕೆಲಸ ಕಳೆದುಕೊಂಡಿದ್ದೆವು. ನಾನಿದ್ದದ್ದು ಕೆಲಸದ ವೀಸಾದ ಮೇಲೆ; ಮೂರು ತಿಂಗಳೊಳಗೆ ಬೇರೆ ಕೆಲಸ ಸಿಗದಿದ್ದರೆ ಸ್ವೀಡನ್ ಬಿಡಬೇಕಿತ್ತು. ಹತ್ತು ವಾರ ಆಗಲೇ ಕಳೆದಿತ್ತು.

"ಗೊತ್ತಿರಲಿಲ್ಲ" ಎಂದೆ.

"ನಿನ್ನೆ ಲಾರ್ಸ್‌ಗೆ ಫೋನ್ ಮಾಡಿದ್ದೆ. 'ಈ ಕೆಲಸ ನನಗಿಂತ ಅವರೇ ಚೆನ್ನಾಗಿ ಮಾಡ್ತಾರೆ, ಅವರನ್ನೇ ತಗೊಳ್ಳಿ' ಅಂದ್ರು" ಎಂದರು ಆಕೆ.

ಕೆಲಸ ನನಗೇ ಸಿಕ್ಕಿತು. ಮನೆಗೆ ಬಂದು ಹೇಳಿದರೆ ಹೆಂಡತಿ, "ಮೊದ್ಲು ಅವ್ರಿಗೆ ಫೋನ್ ಮಾಡ್ರೀ" ಎಂದಳು. ಮಾಡಿ ಧನ್ಯವಾದ ಹೇಳಿದೆ. ಲಾರ್ಸ್ ಎಂದಿನ ದನಿಯಲ್ಲೇ, "ನಿನ್ನ ಕೆಲಸ ಹೇಗೆ ಅಂತ ಕೇಳಿದ್ರು, ಇದ್ದದ್ದು ಹೇಳಿದೆ" ಎಂದರು. ಅವರಿಗೆ ಕೆಲಸ ಸಿಗಲು ಮತ್ತೆ ಏಳು ತಿಂಗಳು ಹಿಡಿಯಿತು.

ಈಗ ಹಳೆಯ ಸಹೋದ್ಯೋಗಿಯ ಬಗ್ಗೆ ಯಾರಾದರೂ ವಿಚಾರಿಸಲು ಕರೆ ಮಾಡಿದರೆ, ಕೈಲಿದ್ದ ಕೆಲಸ ಬದಿಗಿಟ್ಟು, ಕೂತು ಮಾತಾಡುತ್ತೇನೆ. ಆ ಕರೆಯ ಫಲಕ್ಕಾಗಿ ಎಲ್ಲೋ ಒಂದು ಮನೆ ಕಾಯುತ್ತಿರುತ್ತದೆ.