ಚೀಟಿ ಇಲ್ಲದ ಹಲ್ಲು

ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರುಗಳಿಗೇನೂ ಬರವಿಲ್ಲ, ಬೀದಿಗೊಬ್ಬರಿದ್ದಾರೆ. ಆದರೆ ಬಾಯಿಗೆ ಕೂರಿಸುವ ಆ ಹಲ್ಲನ್ನು ಮಾಡುವವರು ಯಾರು ಅಂತ ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನ ಡಾಕ್ಟರೇ ಅನ್ನುತ್ತಾರೆ. ಎಲ್ಲಿಯ ಡಾಕ್ಟರು ಕಣ್ರೀ, ಅವರು ಅಳತೆ ತೆಗೆದು ಕಳಿಸುತ್ತಾರೆ ಅಷ್ಟೆ. ಹಲ್ಲು ಹುಟ್ಟುವುದು ಮಂಡಿಪೇಟೆ ಹಿಂದಿನ ಗಲ್ಲಿಯಲ್ಲಿ, ಜಮಾಲ್ ಸಾಬರ ಲ್ಯಾಬಿನಲ್ಲಿ, ಕೊಟ್ಟೂರೇಶನ ಕೈಯಲ್ಲಿ. ಮುಖ ಕಾಣದ ಜನರ ಬಾಯಿಗೆ ಅವನು ಇಪ್ಪತ್ತೆರಡು ವರ್ಷದಿಂದ ಹಲ್ಲು ಮಾಡುತ್ತಿದ್ದಾನೆ. ಯಾರದೋ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ತನ್ನ ಹಲ್ಲನ್ನು ಗುರುತು ಹಿಡಿದು ಹೆಂಡತಿಗೆ ಕಣ್ಣಲ್ಲೇ ತೋರಿಸಿದ್ದೂ ಉಂಟು.

ಹೊರಗೆ ಕಾಣುವುದು ಪಿಂಗಾಣಿ, ಒಳಗಿರುವುದು ಲೋಹ. ಮೊದಲು ಮೇಣದಲ್ಲಿ ಹಲ್ಲು ತಿದ್ದಬೇಕು, ಅದರ ಸುತ್ತ ಅಚ್ಚಿನ ಪುಡಿ ಕಲಸಿ ಸುರಿಯಬೇಕು, ಕುಲುಮೆಯಲ್ಲಿಟ್ಟು ಮೇಣವನ್ನು ಸುಟ್ಟು ಕಳೆಯಬೇಕು, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಓಡಬೇಕು. ಆಮೇಲೆ ಅದರ ಮೇಲೆ ಪಿಂಗಾಣಿ ಬಳಿದು ಬಳಿದು ಸುಡುವುದು. ಆರುವಾಗ ಎರಡೂ ಒಂದೇ ಸಮ ಕುಗ್ಗಬೇಕು, ಇಲ್ಲದಿದ್ದರೆ ಪಿಂಗಾಣಿ ಚಟ್ಟನೆ ಬಿರಿಯುತ್ತದೆ. ಬಂಗಾರ ಬೆರೆತ ಲೋಹವೂ ಉಂಟು, ಆದರೆ ಅದನ್ನು ಕೇಳುವ ಗಿರಾಕಿ ವರ್ಷಕ್ಕೊಬ್ಬ ಬಂದರೆ ಹೆಚ್ಚು. ಉಳಿದವರಿಗೆಲ್ಲ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆತದ್ದು. ಅಗ್ಗ, ಗಟ್ಟಿ, ತೆಳ್ಳಗೆ ಎರಕ ಹೊಯ್ದರೂ ಬಾಗುವುದಿಲ್ಲ. ಒಂದೇ ದೋಷವೆಂದರೆ ಕೆಲವರ ಮೈಗೆ ನಿಕ್ಕಲ್ ಆಗಿಬರುವುದಿಲ್ಲ.

ಅದಕ್ಕೇ ಜಮಾಲ್ ಸಾಬರ ಲ್ಯಾಬಿನಲ್ಲಿ ಒಂದು ಕಟ್ಟುನಿಟ್ಟು. ಅಳತೆಯ ಜೊತೆ ಡಾಕ್ಟರ ಚೀಟಿ ಬರಲೇಬೇಕು. ಹೆಸರು, ವಯಸ್ಸು, ಹಲ್ಲಿನ ಬಣ್ಣ, ಎಲ್ಲಕ್ಕಿಂತ ಕೆಳಗೆ ಒಂದು ಸಾಲು: ಗಿಲೀಟು ಒಡವೆ ಹಾಕಿದರೆ ಮೈ ಕೆರೆಯುತ್ತದೆಯೇ? ಹೌದು ಅಂತ ಬರೆದಿದ್ದರೆ ನಿಕ್ಕಲ್ ಮುಟ್ಟುವ ಹಾಗಿಲ್ಲ, ಯಾಕೆಂದರೆ ಗಿಲೀಟಿನೊಳಗೂ ಅದೇ ಇರುತ್ತದೆ. ಚೀಟಿ ಇಲ್ಲದೆ ಮಂತ್ರಿಯ ಹಲ್ಲೇ ಬಂದರೂ ಸಾಬರು ವಾಪಸ್ ಕಳಿಸುವವರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಈ ಪಾಠ ಹೇಳಿಕೊಡುತ್ತಿದ್ದವನು ಕೊಟ್ಟೂರೇಶನೇ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಇನ್ನು ಮುಂದೆ ಹೇಳುವುದು ಆ ಕತ್ತಲೆಯ ಮಾತು.

ಅವನ ಅಕ್ಕ ಮರುಳಸಿದ್ದಮ್ಮನನ್ನು ಹರಿಹರದ ಹತ್ತಿರ ಭಾನುವಳ್ಳಿಗೆ ಕೊಟ್ಟಿದ್ದು. ತಾಯಿ ಸತ್ತಾಗ ಕೊಟ್ಟೂರೇಶ ಮೂರು ವರ್ಷದ ಕೂಸು, ಅಕ್ಕನಿಗೆ ಹದಿನಾಲ್ಕು. ಅವಳೇ ಎತ್ತಿ ಆಡಿಸಿದಳು, ಮದುವೆಯಾಗಿ ಹೋಗುವಾಗ ಸೊಂಟದ ಮೇಲೆ ಅವನನ್ನೂ ಕರೆದುಕೊಂಡು ಹೋದಳು. ಅವನು ಹಲ್ಲು ಮಾಡುವ ಕೋರ್ಸಿಗೆ ಸೇರುವಾಗ ಕಿವಿಯ ಬಂಗಾರದ ಬೆಂಡೋಲೆ ಬಿಚ್ಚಿ ಮಾರಿದಳು. ಬರಿಗಿವಿ ಚೆಂದವಲ್ಲ ಅಂತ ಸಂತೆಯಲ್ಲಿ ಒಂದು ಜೊತೆ ಗಿಲೀಟು ಓಲೆ ತಂದು ಹಾಕಿಕೊಂಡಳು. ವಾರದೊಳಗೆ ಕಿವಿ ಊದಿ ಕೀವು ಸೋರತೊಡಗಿತು. ಅದನ್ನು ಬಿಸಾಕಿ, ತೂತು ಮುಚ್ಚದಿರಲಿ ಅಂತ ಬೇವಿನ ಕಡ್ಡಿ ಚುಚ್ಚಿಕೊಂಡಳು. ಆ ಕಡ್ಡಿಗಳನ್ನು ಕೊಟ್ಟೂರೇಶ ಅಂದಿನಿಂದ ನೋಡುತ್ತಲೇ ಬಂದಿದ್ದ.

ಆರು ವರ್ಷದ ಹಿಂದೆ ಅಕ್ಕ ಕಾಲುವೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವಾಗ ಜಾರಿ ಬಿದ್ದಳು. ಮೇಲಿನ ಎದುರು ಹಲ್ಲು ಎರಡು ಹೋದವು. ಆ ವರ್ಷ ದೀಪಾವಳಿಗೆ ಕೊಟ್ಟೂರೇಶ ಬಂಗಾರದ ಓಲೆ ಕೊಡಿಸುತ್ತೇನೆಂದು ಹೋದರೆ, ಕಿವಿ ಯಾರು ನೋಡುತ್ತಾರೆ, ನಾಲ್ಕು ಜನರೊಳಗೆ ಬಾಯಿ ತೆರೆಯುವುದಕ್ಕೆ ನಾಚಿಕೆಯಾಗುತ್ತದೆ, ಕೊಡುವುದಾದರೆ ಹಲ್ಲು ಕೊಡು ಅಂದಳು. ಅವನಿಗೆ ಹಿಡಿಸಲಾರದಷ್ಟು ಹಿಗ್ಗು. ಊರಿಗೆಲ್ಲ ಹಲ್ಲು ಮಾಡಿದ ಕೈಗೆ ಅಕ್ಕನ ಹಲ್ಲು ಮಾಡುವ ಭಾಗ್ಯ ಬಂತಲ್ಲ!

ಹರಿಹರದಲ್ಲಿ ಡಾಕ್ಟರ್ ನಯನಾ ಅವರ ಕ್ಲಿನಿಕ್ಕಿಗೆ ತಾನೇ ಕರೆದುಕೊಂಡು ಹೋದ. ಅಲರ್ಜಿ ಏನಾದರೂ ಇದೆಯೇ ಎಂದು ಡಾಕ್ಟರು ಕೇಳಿದ್ದು ಅಕ್ಕನನ್ನು. ಬಾಯಿ ಅಗಲಿಸಿ ಕೂತಿದ್ದ ಅಕ್ಕ ಉತ್ತರ ಹೇಳುವ ಮೊದಲೇ ಈ ಪುಣ್ಯಾತ್ಮ ನಡುವೆ ಬಾಯಿ ಹಾಕಿದ.

"ನಮ್ಮಕ್ಕ ಕಲ್ಲು ತಿಂದ್ರೂ ಅರಗಿಸ್ಕಂತಾಳ್ರಿ ಡಾಕ್ಟ್ರೇ. ಅಲರ್ಜಿ ಎಲ್ಲಿಂದ ಬರ್ತೈತೆ."

ಮೂವರೂ ನಕ್ಕರು. ಡಾಕ್ಟರು ಚೀಟಿ ಬರೆಯಲು ಹೋದರೆ, ನಮ್ಮಕ್ಕನದಕ್ಕೆ ಚೀಟಿ ಯಾಕ್ರಿ, ಎಲ್ಲಾ ನನ್ನ ತಲೆಯಲ್ಲೇ ಐತೆ ಅಂದ. ಅಳತೆಯ ಅಚ್ಚನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ದಾವಣಗೆರೆ ಬಸ್ ಹತ್ತಿದ. ಸಾಬರೂ, ನಿನ್ನ ಅಕ್ಕನದಲ್ಲವೇನಯ್ಯ ಅಂತ ಸುಮ್ಮನಾದರು.

ಇಷ್ಟು ಮಮತೆಯಿಂದ ಅವನು ಯಾವ ಹಲ್ಲನ್ನೂ ಮಾಡಿರಲಿಲ್ಲ. ಹಿಂದಿನ ಎರಕದಲ್ಲಿ ಮಿಕ್ಕ ಲೋಹದ ಗುಂಡಿಯನ್ನು ಹೊಸದರ ಜೊತೆ ಬೆರೆಸುವುದು ಲ್ಯಾಬುಗಳಲ್ಲಿ ಸಾಮಾನ್ಯ. ಅಕ್ಕನದಕ್ಕೆ ಒಂದು ಚೂರೂ ಹಳೆಯದು ಬೆರೆಸಲಿಲ್ಲ, ಹೊಚ್ಚ ಹೊಸ ನಿಕ್ಕಲ್-ಕ್ರೋಮಿಯಂ ಪೊಟ್ಟಣ ಒಡೆದ. ಅಂಚು ಕೂದಲೆಳೆಯಷ್ಟು ಸರಿಯಿಲ್ಲವೆಂದು ಎರಡು ಸಲ ಬಿಸಾಕಿ ಮೂರನೆಯ ಸಲ ಎರಕ ಹೊಯ್ದ. ಹೋದ ಹಲ್ಲು ಎರಡು, ಅವನ್ನು ಹಿಡಿದುಕೊಳ್ಳಲು ಅಕ್ಕಪಕ್ಕದ್ದೆರಡು, ಒಟ್ಟು ನಾಲ್ಕು ಹಲ್ಲಿನ ಬ್ರಿಡ್ಜು. ಕೂರಿಸಿದ ದಿನ ಅಕ್ಕ ಕನ್ನಡಿ ನೋಡಿಕೊಂಡು ಅತ್ತಳು. ಇವನೂ ಅತ್ತ.

ಅಲ್ಲಿಂದ ಮುಂದೆ ಅಕ್ಕ ಅವನ ಸ್ಯಾಂಪಲ್ ಪೀಸ್ ಆಗಿಬಿಟ್ಟಳು. ಮದುವೆ, ಮುಂಜಿ, ಗೃಹಪ್ರವೇಶ ಎಲ್ಲೇ ಸಿಕ್ಕಲಿ, ಒಂದ್ಸಲ ನಗಕ್ಕ, ಇವರು ನೋಡ್ಲಿ ಅನ್ನುವನು. ಅವಳು ನಗುವಳು. ಹಲ್ಲು ಹೆಂಗದಾವಕ್ಕ ಎಂದು ಪ್ರತಿ ಸಲ ಕೇಳುವನು, ಬಂಗಾರದಂಗದಾವೆ ಅನ್ನುವಳು. ಬರಬರುತ್ತಾ ಅವಳ ನಗು ಚಿಕ್ಕದಾಯಿತು, ತುಟಿ ಮೇಲೆ ಹೋಗುವುದು ನಿಂತಿತು. ವಯಸ್ಸಾಯಿತು, ಗಾಂಭೀರ್ಯ ಬಂತು ಅಂದುಕೊಂಡ. ಊರವರಿಗೆಲ್ಲ ಅವಳ ಬಾಯಿ ತೋರಿಸಿದನೇ ಹೊರತು ತಾನೊಂದು ದಿನವೂ ಅದರೊಳಗೆ ಇಣುಕಿ ನೋಡಲಿಲ್ಲ.

ಕಳೆದ ವರ್ಷ ಅಕ್ಕನ ಬಸುರಿ ಮಗಳು ಪೂಜಾಳ ಕುಬ್ಸ ಆಯಿತು. ಮನೆ ತುಂಬ ಬೀಗರು. ಕೊಟ್ಟೂರೇಶ ಎಂದಿನಂತೆ ಅಕ್ಕನನ್ನು ನಗಿಸಲು ಹೋದ, ಅವಳು ಕೆಲಸವಿದೆ ಅಂತ ಒಳಗೆ ಹೋದಳು. ಊಟಕ್ಕೆ ಕೂತಾಗ ಎಲ್ಲರೂ ಜೋಳದ ರೊಟ್ಟಿ, ಎಣ್ಣೆಗಾಯಿ ತಿನ್ನುತ್ತಿದ್ದರೆ ಅಕ್ಕನ ತಟ್ಟೆಯಲ್ಲಿ ಬರೀ ಹಾಲು-ಅನ್ನ. ಅವಳ ಗಂಡ ಕರಿಬಸವರಾಜ, ನಿಮ್ಮಕ್ಕ ಖಾರ ಮುಟ್ಟಿ ನಾಲ್ಕು ವರ್ಷವಾಯಿತಲ್ಲಪ್ಪ, ನಿನಗೆ ಗೊತ್ತಿಲ್ಲವೇ ಅಂದರು. ಕೊಟ್ಟೂರೇಶ ಅರ್ಧ ಊಟಕ್ಕೇ ಎದ್ದ.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅಕ್ಕ ಬಚ್ಚಲ ಹಿಂದೆ ಉಪ್ಪುನೀರು ಮುಕ್ಕಳಿಸುತ್ತಾ ನಿಂತಿದ್ದಳು. ಉಗುಳಿದ ನೀರು ಕೆಂಪಗಿತ್ತು. ಅವಳು ಬೇಡವೆಂದರೂ ಗದ್ದ ಹಿಡಿದು ತುಟಿ ಎತ್ತಿ ನೋಡಿದ. ಅವನು ಮಾಡಿದ ನಾಲ್ಕು ಹಲ್ಲು ಇವತ್ತು ಮಾಡಿದಂತೆ ಹೊಳೆಯುತ್ತಿದ್ದವು. ಅವುಗಳ ಬುಡದ ಒಸಡು ಮಾತ್ರ ನೇರಳೆ ಹಣ್ಣಿನ ಹಾಗೆ ಊದಿ ಕಪ್ಪಿಟ್ಟಿತ್ತು. ಆಗ ಅವನ ಕಣ್ಣು ಅಕ್ಕನ ಕಿವಿಗೆ ಹೋಯಿತು. ಬೇವಿನ ಕಡ್ಡಿ. ಯಾವ ಪ್ರಶ್ನೆಯನ್ನು ಅವನು ಸಾವಿರ ಚೀಟಿಗಳಲ್ಲಿ ಓದಿದ್ದನೋ ಅದರ ಉತ್ತರ ಇಷ್ಟು ವರ್ಷ ಕಣ್ಣೆದುರಿಗೇ ಇತ್ತು. ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, ನನ್ನ ತಮ್ಮ ಮಾಡಿದ್ದು ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ, ಹೆಂಗೆ ಹೇಳಲಿ ಅಂದಳು.

ಮುಂದಿನ ವಾರವೇ ಡಾಕ್ಟರ್ ನಯನಾ ಬ್ರಿಡ್ಜನ್ನು ಕತ್ತರಿಸಿ ತೆಗೆದರು. ಪಿಂಗಾಣಿ ಬೇಗ ಸೀಳಿತು, ಲೋಹಕ್ಕೆ ಬಹಳ ಹೊತ್ತು ಹಿಡಿಯಿತು. ಗಟ್ಟಿಯಾಗಿ ಮಾಡಿದ್ದನಲ್ಲ ಮಹರಾಯ. ಹೊರಗೆ ಬೆಂಚಿನ ಮೇಲೆ ಕೂತು ಆ ಸದ್ದು ಕೇಳುತ್ತಾ ಅವನು ಮುದುಡಿಕೊಂಡ. ದಾವಣಗೆರೆಯ ಚರ್ಮದ ಡಾಕ್ಟರು ಅಕ್ಕನ ಬೆನ್ನಿಗೆ ಸಣ್ಣ ಪಟ್ಟಿಗಳನ್ನು ಅಂಟಿಸಿ ಪರೀಕ್ಷೆ ಮಾಡಿದರು. ನಿಕ್ಕಲ್ ಪಟ್ಟಿಯ ಕೆಳಗಿನ ಚರ್ಮ ಬೆಂದಂತೆ ಕೆಂಪಾಯಿತು. ಎರಡು ತಿಂಗಳಲ್ಲಿ ಒಸಡು ವಾಸಿಯಾಯಿತು. ಬ್ರಿಡ್ಜು ಕೂರಿಸಲೆಂದು ಅರೆದ ಅಕ್ಕಪಕ್ಕದ ಹಲ್ಲುಗಳನ್ನು ಹಾಗೇ ಬಿಡುವಂತಿಲ್ಲ, ಹೊಸದು ಕೂರಿಸಲೇಬೇಕು ಎಂದು ಡಾಕ್ಟರು ಹೇಳಿದರು.

ಕೊಟ್ಟೂರೇಶನಿಗೆ ಆಗ ಬೇಕಾದದ್ದು ಒಂದೇ: ಆ ಹೊಸದನ್ನು ತಾನೇ ಮಾಡಬೇಕು, ಮಾಡಿದ ತಪ್ಪನ್ನು ಅದೇ ಕೈಯಿಂದ ತೊಳೆಯಬೇಕು. ಯಾರೋ ಸಾಹುಕಾರರಿಗೆ ತರಿಸಿ ಮಿಕ್ಕಿದ್ದ ಬಂಗಾರ ಬೆರೆತ ಲೋಹ ಸಾಬರ ಪೆಟ್ಟಿಗೆಯಲ್ಲಿತ್ತು. ಇವನು ಕೇಳುವ ಮೊದಲೇ ಸಾಬರು ತೆಗೆದು ಕೈಗಿಟ್ಟರು. ಆದರೆ ಅಕ್ಕ ಅಳತೆ ಕೊಡಲು ಬರಲಿಲ್ಲ. ಭತ್ತದ ಕೊಯ್ಲು ಅಂದಳು, ಪೂಜಾಳ ಬಾಣಂತನ ಅಂದಳು. ಮೂರನೆಯ ಸಲವೂ ಬರದಿದ್ದಾಗ ಅವನೇ ಭಾನುವಳ್ಳಿಗೆ ಹೋದ. ಈ ಸಲ ಚೀಟಿ ಬರೆಸಿಕೊಂಡು ಹೋಗಿದ್ದ.

ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನು ಲೋಹದ ಚೂರನ್ನು ಅವಳ ಮುಂದಿಟ್ಟು, ಇದರಲ್ಲಿ ನಿಕ್ಕಲ್ ಇಲ್ಲಕ್ಕ, ಬಂಗಾರವಿದೆ, ನಾಳೆ ಬಾ ಅಂದ. ಅವಳು ಅದನ್ನು ಕೈಯಲ್ಲಿ ಹಿಡಿದು ನೋಡಿ, ವಾಪಸ್ ಅವನ ಅಂಗೈಯಲ್ಲಿಟ್ಟು ಬೆರಳು ಮಡಿಚಿದಳು. ಸಿಟ್ಟೇನಕ್ಕ ಎಂದು ಕೇಳಿದ. ಅವಳು ಮೊರವನ್ನು ಪಕ್ಕಕ್ಕಿಟ್ಟಳು.

"ಸಿಟ್ಟಲ್ಲ ಕೊಟ್ರಾ. ಐದು ವರ್ಷ, ಉರಿ ಎದ್ದಾಗೆಲ್ಲ ನಿನ್ನ ಬೈಕಂಡೀನಿ. ಬಾಯ್ಬಿಟ್ಟಲ್ಲ, ಮನಸ್ನಾಗೆ. ಒಂದೊಂದ್ ದಿನ ಇವನ ಕೈ ಸೇದಿಹೋಗ್ಲಿ ಅಂತ್ಲೂ ಅಂದ್ಕಂಡೀನಿ. ನಿನ್ನ ಎತ್ತಿ ಆಡ್ಸಿದಾಕಿ ನಾನು. ಹಂಗಂದ ಮ್ಯಾಲೆ ಕೂತು ಅಳ್ತಿದ್ದೆ. ಇನ್ನೊಂದ್ಸಲ ಹಂಗನ್ನಂಗೆ ಮಾಡಬ್ಯಾಡಪ್ಪ. ನನ್ ಹಲ್ಲು ಯಾರಾದ್ರೂ ಮಾಡ್ಲಿ, ನೀ ಬ್ಯಾಡ."

ಆಯ್ತಕ್ಕ ಅಂದ. ಲೋಹದ ಚೂರನ್ನು ಚೀಟಿಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ.

ಈಗ ಅಕ್ಕ ಬೇರೆ ಯಾರಲ್ಲೋ ಹಲ್ಲು ಕಟ್ಟಿಸಿಕೊಂಡಿದ್ದಾಳೆ. ಯಾರು ಮಾಡಿದರೆಂದು ಅವನು ಕೇಳಿಲ್ಲ, ಅವಳೂ ಹೇಳಿಲ್ಲ. ಹಬ್ಬಕ್ಕೆ ಹೋದಾಗ ಎದುರು ಕೂತು ಊಟ ಮಾಡುತ್ತಾರೆ. ಆ ಹಲ್ಲು ಒಂದಿಷ್ಟೂ ಚೆನ್ನಾಗಿಲ್ಲ, ಬಣ್ಣ ಕೂಡಿಲ್ಲ, ಒಂದು ಉದ್ದವಾಗಿದೆ. ಅಕ್ಕ ಅವುಗಳಿಂದ ಕಟಕಟ ರೊಟ್ಟಿ ಕಡಿಯುತ್ತಾ, ತಿನ್ನೋ ಕೊಟ್ರಾ, ಯಾಕ ಸುಮ್ನೆ ಕುಂತೀ ಅನ್ನುತ್ತಾಳೆ.