ವಿಷದ ಬೀರುವಿನ ಕಾವಲು

ನಿನ್ನೆ ಕೋಲಾರದ ಔಷಧಿ ಅಂಗಡಿಯಲ್ಲಿ ನನಗೆ ಕೆಮ್ಮಿನ ಔಷಧಿ ಸಿಗಲಿಲ್ಲ. ಇರಲಿಲ್ಲ ಅಂತಲ್ಲ, ಕಣ್ಣಿಗೆ ಕಾಣುವ ಹಾಗೆಯೇ ಮೇಲಿನ ಸಾಲಿನಲ್ಲಿತ್ತು. ಅಂಗಡಿಯಲ್ಲಿದ್ದ ಹೆಣ್ಣುಮಗಳು, "ಅದನ್ನ ಡಾಕ್ಟರ್ ಚೀಟಿ ಇಲ್ದೆ ಕೊಡೋ ಹಾಗಿಲ್ಲ ತಾತ" ಅಂದಳು. ನಾನು ಯಾರೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಂಪೌಂಡರ್ ಆಗಿದ್ದು, ಇದೇ ಮಾತನ್ನು ಊರೂರಲ್ಲಿ ಹೇಳಿಕೊಂಡು ಬಂದವನು ನಾನು. ಪೂಜಾರಿಗೇ ಮಂಗಳಾರತಿ ಆಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. "ಸರಿ ತಾಯಿ, ಒಳ್ಳೇದೇ ಮಾಡ್ದೆ" ಅಂದು ಹೊರಗೆ ಬಂದೆ. ದಾರಿಯುದ್ದಕ್ಕೂ ಮುಳಬಾಗಿಲು ನೆನಪಾಗುತ್ತಿತ್ತು.

ಕಾಂಪೌಂಡರ್ ಅಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಡಾಕ್ಟರು ಚೀಟಿ ಬರೆಯುತ್ತಿದ್ದರು, ನಾವು ಔಷಧಿ ಕಲೆಸುತ್ತಿದ್ದೆವು. ಸೀಸೆ ರೋಗಿಯದೇ. ಎಣ್ಣೆಯದೋ ಸೀಮೆಎಣ್ಣೆಯದೋ, ಮನೆಯಲ್ಲಿದ್ದದ್ದನ್ನು ತೊಳೆದು ತರುತ್ತಿದ್ದರು. ಒಂದು ಕಾಗದದ ಪಟ್ಟಿಯನ್ನು ಮಡಚಿ, ಅಂಚನ್ನು ಕತ್ತರಿಯಿಂದ ಕಚ್ಚು ಕಚ್ಚಾಗಿ ಕತ್ತರಿಸಿ ಸೀಸೆಗೆ ಅಂಟಿಸಿದರೆ ಆಯಿತು, ಒಂದು ಕಚ್ಚಿಗೆ ಒಂದು ಸಲದ ಔಷಧಿ. ಓದು ಬಾರದವರಿಗೂ ಅದು ಅರ್ಥವಾಗುತ್ತಿತ್ತು. ಬಣ್ಣ ಗಾಢವಾಗಿದ್ದರೆ ಔಷಧಿ ಬಲವಾಗಿದೆ ಎಂದು ಜನ ನಂಬುತ್ತಿದ್ದರು. ಅದಕ್ಕೆಂದೇ ನಾವು ಸಕ್ಕರೆಯನ್ನು ಕಪ್ಪಗೆ ಸುಟ್ಟು, ನೀರಲ್ಲಿ ಕರಗಿಸಿ ಇಟ್ಟುಕೊಂಡಿರುತ್ತಿದ್ದೆವು. ಅದರಲ್ಲಿ ಎರಡು ಚಮಚ ಬಿದ್ದರೆ ನಲ್ಲಿ ನೀರಿಗೂ ಗೌರವ ಬರುತ್ತಿತ್ತು.

ನಾನು ಮುಳಬಾಗಿಲ ಆಸ್ಪತ್ರೆಗೆ ಹೋದಾಗ ಇನ್ನೂ ಇಪ್ಪತ್ತನಾಲ್ಕರ ಹುಡುಗ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಆ ವರ್ಷ ಪೇಟೆ ಬೀದಿಯಲ್ಲಿ ಇಲಿ ಸತ್ತು ಬಿದ್ದವು. ಇಲಿ ಬಿದ್ದರೆ ಪ್ಲೇಗು, ಪ್ಲೇಗು ಬಂದರೆ ಊರು ಬಿಡಬೇಕು, ಇದು ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಒಂದು ವಾರದಲ್ಲಿ ಜನ ಕುರುಡುಮಲೆ ರಸ್ತೆಯ ಬಯಲಲ್ಲಿ ಗುಡಿಸಲು ಹಾಕಿಕೊಂಡು ಹೊರಟುಹೋದರು. ಮಡಕೆ, ಕೋಳಿ, ತೊಟ್ಟಿಲು, ಅಜ್ಜಿ, ಎಲ್ಲವೂ ಗಾಡಿ ಹತ್ತಿದವು. ಡಾಕ್ಟರೂ ಸೂಜಿಮದ್ದಿನ ಪೆಟ್ಟಿಗೆ ಹಿಡಿದು ನಂಗಲಿ ಕಡೆ ಹೊರಟರು. ಹೊರಡಲಾಗದೆ ಉಳಿದವನು ನಾನೊಬ್ಬ, ಕಾರಣ ವಿಷದ ಬೀರು.

ಅಫೀಮಿನ ಅರ್ಕ, ಮಾರ್ಫಿಯ ಮೊದಲಾದ, ಹನಿ ಹೆಚ್ಚಾದರೆ ಪ್ರಾಣ ತೆಗೆಯುವ ನೋವಿನ ಮದ್ದುಗಳನ್ನು ಬೀಗ ಹಾಕಿ ಇಡುವ ಬೀರು ಅದು. ಗೋಡೆಯೊಳಗೇ ಕೂರಿಸಿದ್ದರಿಂದ ಅದನ್ನು ಬಯಲಿಗೆ ಒಯ್ಯುವ ಹಾಗಿರಲಿಲ್ಲ. ಡಾಕ್ಟರು ಸೈಕಲ್ ಹತ್ತುತ್ತಾ ಹೇಳಿದರು: "ಇರೋದು ಒಂದೇ ಸೀಸೆ ಅರ್ಕ. ಪ್ಲೇಗಿನವರಿಗೆ ಇರ್ಲಿ. ಹಳೇ ಕಾಯಿಲೆಯವರಿಗೆ ನನ್ನ ಚೀಟಿ ಇಲ್ದೆ ಒಂದು ಹನಿ ಕೊಡಕೂಡದು, ತಿಳೀತೇನಯ್ಯಾ?" ತಿಳಿಯಿತು ಅಂದೆ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ.

ಖಾಲಿ ಊರಲ್ಲಿ ಒಬ್ಬನೇ ಇದ್ದು ನೋಡಿದ್ದೀರಾ? ಮೊದಲ ಎರಡು ದಿನ ರಾಜನ ಹಾಗಿರುತ್ತದೆ. ಮೂರನೇ ದಿನ ಬೀದಿಯಲ್ಲಿ ನಡೆದರೆ ನಮ್ಮ ಚಪ್ಪಲಿಯ ಸದ್ದಿಗೆ ನಾವೇ ತಿರುಗಿ ನೋಡುತ್ತೇವೆ. ಹೆಂಡತಿ ಶ್ರೀನಿವಾಸಪುರದ ತವರಿನಲ್ಲಿದ್ದಳು, ಅಂಚೆ ನಿಂತಿತ್ತು. ನಾನು ಅನ್ನ ಬೇಯಿಸಿಕೊಂಡು, ಸೀಸೆಗಳ ಧೂಳು ಒರೆಸುತ್ತಾ, ಅವುಗಳ ಜೊತೆ ಮಾತಾಡುತ್ತಿದ್ದೆ. ಹರಳೆಣ್ಣೆ ಸೀಸೆಗೆ ಏನಮ್ಮಾ ಅನ್ನುತ್ತಿದ್ದೆ. ನಗಬೇಡಿ.

ಊರಲ್ಲಿ ಇನ್ನೊಂದು ಮನೆಯವರೂ ಉಳಿದಿದ್ದಾರೆಂದು ತಿಳಿದದ್ದು ನಾಲ್ಕನೇ ದಿನ ಬೆಳಿಗ್ಗೆ. ಪಾತ್ರೆಗಳಿಗೆ ಕಲಾಯಿ ಹಾಕುವ ಇಮಾಮ್ ಸಾಬರು ಸೀಸೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರ ಹೆಂಡತಿಗೆ ಹೊಟ್ಟೆಯಲ್ಲಿ ಗಡ್ಡೆ. ವಾಸಿಯಾಗುವುದಿಲ್ಲವೆಂದು ಡಾಕ್ಟರೇ ಹೇಳಿ, ನೋವಿಗೆ ಅಫೀಮಿನ ಅರ್ಕದ ಔಷಧಿ ಬರೆದಿದ್ದರು. ಗಾಡಿಯ ಕುಲುಕಾಟ ಆಕೆಗೆ ತಡೆಯುತ್ತಿರಲಿಲ್ಲವಾದ್ದರಿಂದ ಗಂಡನೂ ಮನೆಯಲ್ಲೇ ಉಳಿದಿದ್ದರು. ಚೀಟಿಯ ವಾಯಿದೆ ಹಿಂದಿನ ದಿನ ಮುಗಿದಿತ್ತು.

"ಹೊಸ ಚೀಟಿ ಬೇಕಲ್ಲ ಸಾಬರೆ."

"ಹೌ ಸ್ವಾಮಿ, ಗೊತ್ತದೆ. ಡಾಕ್ಟರ್ ಸಾಬ್ ನಂಗಲಿಯಾಗೆ ಅವ್ರೆ. ನಾನು ನಡ್ಕೊಂಡು ಹೋದ್ರೆ ಅವಳಿಗೆ ನೀರು ಕೊಡೋರು ಯಾರು?"

ನಾನು ಡಾಕ್ಟರಿಗೆ ಹೇಳಿಕಳಿಸಬಹುದಿತ್ತು. ಬಯಲಿನಿಂದ ದಿನಕ್ಕೊಬ್ಬ ಪೊಲೀಸಿನವನು ಊರು ಸುತ್ತಲು ಬರುತ್ತಿದ್ದ. ಕೇಳಿದರೆ ಬೇಡ ಅಂದುಬಿಟ್ಟಾರು ಎಂದು ಹೆದರಿದೆ. ಕೊಡದೆ ಕಳಿಸಲು ಮನಸ್ಸು ಬರಲಿಲ್ಲ, ಪೂರ್ತಿ ಕೊಡಲು ಧೈರ್ಯ ಬರಲಿಲ್ಲ. ನಾಳೆ ಪ್ಲೇಗಿನವರು ಸಾಲುಗಟ್ಟಿ ಬಂದರೆ? ಸೀಸೆ ಖಾಲಿಯಾಗಿ ನನ್ನ ಕೆಲಸ ಹೋದರೆ? ಒಳಗೆ ಹೋಗಿ ಹಾಕಬೇಕಾದ ಅರ್ಕದಲ್ಲಿ ಅರ್ಧ ಹಾಕಿದೆ. ಬಣ್ಣ ತೆಳುವಾಯಿತು. ಸುಟ್ಟ ಸಕ್ಕರೆ ನೀರು ಬೆರೆಸಿದೆ, ಮೊದಲಿನ ಹಾಗೇ ಕಂದಾಯಿತು. ಎಂದಿನಂತೆ ನಾಲ್ಕು ಕಚ್ಚಿನ ಕಾಗದ ಅಂಟಿಸಿ ಕೊಟ್ಟೆ. ಆಗ ನನಗೆ ನಾಚಿಕೆಯಾಗಲಿಲ್ಲ, ಹೇಳಿಬಿಡುತ್ತೇನೆ. ಚೀಟಿಯಿಲ್ಲದೆ ಕೊಟ್ಟೆನಲ್ಲ, ಎಂಥ ದೊಡ್ಡ ಮನಸ್ಸು ನನ್ನದು ಅಂದುಕೊಂಡೆ.

ಮರುದಿನ ಸಾಬರು ಬರುವ ಮುಂಚೆಯೇ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಿದ್ದೆ. "ರಾತ್ರಿ ನಿದ್ದೆ ಬಂತಾ ಅವರಿಗೆ?"

"ಬಂತು ಸ್ವಾಮಿ, ಚೆನ್ನಾಗಿ ಬಂತು. ನಿಮ್ಮ ಕೈಗುಣ."

ಅಲ್ಲಿಗೆ ಅರ್ಧವೇ ಸಾಕಾಗಿತ್ತು ಎಂದು ತೀರ್ಮಾನಿಸಿಬಿಟ್ಟೆ. ಆಮೇಲೆ ಅದೇ ದಿನಚರಿಯಾಯಿತು. ಸಾಬರು ಬರುವ ಹೊತ್ತಿಗೆ ತಲೆ ಬಾಚಿಕೊಂಡು ಕಾಯುತ್ತಿದ್ದೆ. ಇಡೀ ದಿನಕ್ಕೆ ನನ್ನೊಡನೆ ಕೂತು ಮಾತಾಡುವ ಮನುಷ್ಯ ಅವರೊಬ್ಬರೇ. ಕೇಳುವುದು ಅದೇ ಪ್ರಶ್ನೆ, ಬರುವುದು ಅದೇ ಉತ್ತರ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಕಲಾಯಿಯ ತವರದ ಬೆಲೆ, ನಮ್ಮೂರ ಮಳೆ, ನನ್ನ ಅನ್ನ ತಳ ಹಿಡಿದದ್ದು, ಏನೋ ಒಂದು ಮಾತಾಡಿ ಏಳುತ್ತಿದ್ದರು. ಅವರು ಮೂಲೆ ತಿರುಗುವವರೆಗೂ ನೋಡುತ್ತಿದ್ದು, ಆಮೇಲೆ ಒಳಗೆ ಬಂದು ಆ ನಿದ್ದೆಯ ಮಾತನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದೆ. ಇಪ್ಪತ್ತು ದಿನ ಹೀಗೇ ನಡೆಯಿತು.

ಇಪ್ಪತ್ತೊಂದನೆಯ ದಿನ ಸಾಬರು ಸೀಸೆಯಿಲ್ಲದೆ ಬಂದರು.

ಬಯಲಿನಿಂದ ಅವರ ಪೈಕಿ ಇಬ್ಬರು ಹೆಂಗಸರು ಬಂದು ಆಕೆಯ ಮೈ ತೊಳೆದರು, ಹೊರಲು ನಾಲ್ವರು ಗಂಡಸರು ಬಂದರು. ನಮಾಜಿಗೆ ಮುಂಚೆ ಕೈಕಾಲು ತೊಳೆಯಲು ಮಸೀದಿ ಬಾವಿಯಿಂದ ನಾನೇ ನೀರು ಸೇದಿ ಹಾಕಿದೆ. ಸಾಬರು ಅಂಗಿಯ ತೋಳು ಮಡಚಿದರು. ಮುಂಗೈಯಿಂದ ಮೊಣಕೈವರೆಗೆ ಎರಡೂ ತೋಳಿನ ಮೇಲೆ ಉಗುರಿನ ಗಾಯ. ಕೆಲವು ಒಣಗಿ ಕಪ್ಪಾಗಿದ್ದವು, ಕೆಲವು ಹಿಂದಿನ ದಿನದವು.

"ಇದೇನು ಸಾಬರೆ?"

"ನೋವು ಬಂದಾಗ ಹಿಡ್ಕೊಂತಿದ್ಲು ಸ್ವಾಮಿ."

"ನಿದ್ದೆ ಬಂತು ಅಂತಿದ್ರಲ್ಲ, ದಿನಾ?"

ಅವರು ನೀರನ್ನೇ ನೋಡುತ್ತಾ ಹೇಳಿದರು: "ಅವಳೇ ಹಂಗೆ ಹೇಳು ಅಂದಿದ್ಲು. ಆ ಹುಡುಗ ಒಬ್ನೇ ಅವ್ನೆ, ಇರೋ ಮದ್ದು ಕೊಡ್ತಾವ್ನೆ. ಇಲ್ಲ ಅಂದ್ರೆ ಪಾಪ, ಕೂತು ಕೊರಗ್ತಾನೆ ಅಂತ."

ಆಗಲೇ ಹೇಳಿಬಿಡಬೇಕಿತ್ತು. ಹಗ್ಗ ಕೈಯಲ್ಲಿತ್ತು. ಇನ್ನೊಂದು ಬಿಂದಿಗೆ ಸೇದಿದೆ, ಅಷ್ಟೆ.

ಪ್ಲೇಗು ಇಳಿದು ಊರು ಮತ್ತೆ ತುಂಬಿತು. ಡಾಕ್ಟರು ಬಂದು ಬೀರು ತೆಗೆಸಿ, ಅರ್ಕದ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಪ್ಲೇಗಿನವರಿಗೆಂದು ಬಂದ ಚೀಟಿಗಳು ಬೆರಳೆಣಿಕೆಯಷ್ಟು. ಸೀಸೆಯಲ್ಲಿ ಮುಕ್ಕಾಲು ಪಾಲು ಹಾಗೇ ಇತ್ತು. "ಭೇಷ್ ಕಣಯ್ಯಾ, ಚೆನ್ನಾಗಿ ಉಳಿಸಿದ್ದೀಯ" ಅಂದರು. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಮೇಲಿನವರ ಬಾಯಿಂದ ಬಂದ ಹೊಗಳಿಕೆ ಅದೊಂದೇ. ಇಮಾಮ್ ಸಾಬರು ಆ ವರ್ಷವೇ ಮದನಪಲ್ಲಿಯ ಮಗಳ ಮನೆಗೆ ಹೊರಟುಹೋದರು. ಹೋಗುವಾಗ ನನ್ನ ಅನ್ನದ ತಪ್ಪಲೆಗೆ ಕಲಾಯಿ ಹಾಕಿಕೊಟ್ಟರು, ಬೇಡವೆಂದರೂ ಕೇಳಲಿಲ್ಲ.

ನನ್ನ ಹೆಂಡತಿಗೆ ಇದನ್ನು ಹೇಳಲಿಲ್ಲ, ಅವಳು ಹೋಗಿ ಹದಿಮೂರು ವರ್ಷವಾಯಿತು. ಇನ್ಯಾರಿಗೂ ಹೇಳಲಿಲ್ಲ. ನಿಮಗೇ ಮೊದಲು.

ಈಗ ನಾನಿರುವುದು ಮಗಳ ಮನೆಯಲ್ಲಿ. ತಿಂಗಳಿಂದ ಕೆಮ್ಮು, ರಾತ್ರಿ ಕೂತೇ ಕಳೆಯುತ್ತೇನೆ. ಬೆಳಿಗ್ಗೆ ಅಡಿಗೆಮನೆಯಿಂದಲೇ ಅವಳು ಕೂಗಿ ಕೇಳುತ್ತಾಳೆ, "ಅಪ್ಪಾ, ನಿದ್ದೆ ಬಂತಾ?" ಬಂತಮ್ಮಾ ಅನ್ನುತ್ತೇನೆ. ಅವಳಿಗೆ ಸ್ಕೂಲಿನ ಕೆಲಸ, ಮಕ್ಕಳು, ನನ್ನದೊಂದು ಯಾಕೆ?

ಇವತ್ತು ಬೆಳಿಗ್ಗೆಯೂ ಕೇಳಿದಳು.

"ಇಲ್ಲ ಕಣೇ, ಬರ್ಲಿಲ್ಲ" ಅಂದೆ.

ಪಾತ್ರೆಯ ಸದ್ದು ನಿಂತಿತು. ಸ್ಟೌ ಆರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತಳು. "ಎಷ್ಟು ದಿನದಿಂದ ಅಪ್ಪಾ?"

"ಬಹಳ ವರ್ಷ ಆಯ್ತಮ್ಮಾ" ಅಂದೆ. ಅವಳು ಏಳಲಿಲ್ಲ.